ಮೂರು ಹ್ಯಾಂಡ್ಲರ್, ಒಂದೇ ಕೆಲಸ

ಪ್ರೀತಿಯ ಪುಟ್ಟಿ,

ಈ ಬೋರ್ಡಿನ ಹಿಂದೆ ಬಿದ್ದು ನೀನು ಸರಿಯಾಗಿ ನಿದ್ದೆ ಮಾಡ್ತಿಲ್ಲ ಅಂತ ಅಮ್ಮ ಹೇಳಿದಳು. ನೀನು ಕಳಿಸಿದ ಕೋಡ್ ಪೂರ್ತಿ ಓದಿದೆ. ಬೋರ್ಡ್ ಆಗಾಗ ಹ್ಯಾಂಗ್ ಆಗೋದಕ್ಕೆ ಕಾರಣ ಸಿಕ್ಕಿದೆ, ಚಿಂತೆ ಬಿಡು.

ಎಸ್‌ಟಿಎಂ32ಎಫ್103ರ ಮೂರು ಯುಸಾರ್ಟ್‌ಗಳಿಗೆ ಮೂರು ಇಂಟರಪ್ಟ್ ಹ್ಯಾಂಡ್ಲರ್ ಬರೆದಿದ್ದೀಯ. ಬೈಟ್ ತೊಗೊಳ್ಳೋ ಭಾಗ ಮೂರರಲ್ಲೂ ಅದೇ. ಓವರ್‌ರನ್ ಆದರೆ ಸ್ಟೇಟಸ್ ರಿಜಿಸ್ಟರ್ ಓದಿ, ಆಮೇಲೆ ಡೇಟಾ ರಿಜಿಸ್ಟರ್ ಓದಿದರೇನೇ ಆ ಫ್ಲ್ಯಾಗ್ ಕ್ಲಿಯರ್ ಆಗೋದು. ಇದನ್ನ ಮೊದಲ ಎರಡರಲ್ಲಿ ಸೇರಿಸಿದ್ದೀಯ, ಮೂರನೇದರಲ್ಲಿ ಬಿಟ್ಟುಹೋಗಿದೆ. ಅಲ್ಲಿ ಬೈಟ್ ಬಂದಿದೆಯಾ ಅಂತಷ್ಟೇ ನೋಡ್ತೀಯ. ಒಮ್ಮೊಮ್ಮೆ ಬೈಟಿನ ಫ್ಲ್ಯಾಗ್ ಹೋಗಿ ಓವರ್‌ರನ್ನಿನದು ಮಾತ್ರ ಉಳಿದುಬಿಡುತ್ತೆ. ಹ್ಯಾಂಡ್ಲರ್ ಏನೂ ಮಾಡದೆ ವಾಪಸ್ ಬರುತ್ತೆ, ತಕ್ಷಣ ಮತ್ತೆ ಇಂಟರಪ್ಟ್. ಮೇನ್ ಲೂಪಿಗೆ ಪಾಳಿಯೇ ಬರಲ್ಲ.

ವೆಕ್ಟರ್ ಟೇಬಲ್ಲಿನಿಂದ ಓಡೋ ಫಂಕ್ಷನ್ನಿಗೆ ಆರ್ಗ್ಯುಮೆಂಟ್ ಕೊಡೋರಿಲ್ಲ, ಅದಕ್ಕೇ ಎಲ್ಲರ ಕೈಯೂ ಕಾಪಿ-ಪೇಸ್ಟ್ ಕಡೆ ಹೋಗೋದು. ನೀನು ಹೀಗೆ ಮಾಡು. ಬೇಸ್ ಅಡ್ರೆಸ್, ರಿಂಗ್ ಬಫರ್, ಹೆಡ್, ಟೇಲ್ ಎಲ್ಲವನ್ನೂ ಒಂದು ಸ್ಟ್ರಕ್ಟಿಗೆ ಹಾಕು. ಅದರ ಪಾಯಿಂಟರ್ ತೊಗೊಳ್ಳೋ ಒಂದೇ ಸ್ಟ್ಯಾಟಿಕ್ ಫಂಕ್ಷನ್‌ನಲ್ಲಿ ಅಸಲಿ ಕೆಲಸ ಬರಿ. ಹ್ಯಾಂಡ್ಲರ್ ತನ್ನ ಸ್ಟ್ರಕ್ಟ್ ಕೊಟ್ಟು ಅದನ್ನ ಕರೆದರೆ ಸಾಕು. ಹ್ಯಾಂಡ್ಲರ್‌ಗಳ ಹೆಸರು ಮಾತ್ರ ಸ್ಟಾರ್ಟಪ್ ಫೈಲಿನಲ್ಲಿ ಇದ್ದ ಹಾಗೇ ಇರಲಿ. ಒಂದಕ್ಷರ ತಪ್ಪಿದರೂ ಲಿಂಕರ್ ಸುಮ್ಮನಿರುತ್ತೆ, ಇಂಟರಪ್ಟ್ ಡೀಫಾಲ್ಟ್ ಹ್ಯಾಂಡ್ಲರಿನ ಕೊನೆಯಿಲ್ಲದ ಲೂಪಿಗೆ ಬೀಳುತ್ತೆ.

ಇದನ್ನೇ ಮ್ಯಾಕ್ರೋದಲ್ಲಿ ಮಾಡೋರಿದ್ದಾರೆ. ನನಗೆ ಒಪ್ಪಿಗೆಯಿಲ್ಲ, ಡೀಬಗರ್‌ಗೆ ಇಡೀ ಹ್ಯಾಂಡ್ಲರ್ ಒಂದೇ ಸಾಲಾಗಿ ಕಾಣುತ್ತೆ, ಒಳಗೆ ಬ್ರೇಕ್‌ಪಾಯಿಂಟ್ ಹಾಕೋಕೂ ಆಗಲ್ಲ.

ಇನ್ನೊಂದು ಕಾಲ್ ಆದರೆ ನಿಧಾನವಾಗುತ್ತೆ ಅನ್ನೋ ಭಯ ಇಲ್ಲಿ ಬೇಡ. 115200 ಬಾಡ್‌ನಲ್ಲಿ ಒಂದು ಬೈಟ್ ಬರೋಕೆ ಸುಮಾರು 87 ಮೈಕ್ರೋಸೆಕೆಂಡ್ ಬೇಕು, 72 ಮೆಗಾಹರ್ಟ್ಸ್‌ನಲ್ಲಿ ಅದು ಆರು ಸಾವಿರಕ್ಕೂ ಹೆಚ್ಚು ಸೈಕಲ್. ಕಾಲ್‌ಗೆ ಹೋಗೋದು ಬೆರಳೆಣಿಕೆಯಷ್ಟು. ನಿನ್ನ ಹಳೇ ಎಟಿಮೆಗಾ ಬೋರ್ಡಿನ ಮಾತು ಬೇರೆ. ಇಂಟರಪ್ಟಿನಿಂದ ಇನ್‌ಲೈನ್ ಅಲ್ಲದ ಫಂಕ್ಷನ್ ಕರೆದರೆ ಅಲ್ಲಿ ಕಂಪೈಲರ್ ಒಂದು ಡಜನ್ನಿಗೂ ಹೆಚ್ಚು ರಿಜಿಸ್ಟರ್ ಪುಶ್ ಮಾಡುತ್ತೆ. ಅಲ್ಲಿ ಸ್ಟ್ಯಾಟಿಕ್ ಇನ್‌ಲೈನ್ ಮಾಡಿ ಅದೇ ಫೈಲಿನಲ್ಲಿಡು.

ಮೂರನೇ ಪೋರ್ಟ್ ಆರ್‌ಎಸ್-485 ಅಲ್ವಾ, ಕೊನೇ ಬೈಟ್ ಪೂರ್ತಿ ಹೊರಗೆ ಹೋದ ಮೇಲೆ ಡೈರೆಕ್ಷನ್ ಪಿನ್ ಇಳಿಸೋ ಕೆಲಸ ಅದಕ್ಕೊಂದಕ್ಕೇ. ಅದನ್ನ ಒಂದು ಇಫ್ ಹಾಕಿ ಎಲ್ಲರ ಫಂಕ್ಷನ್ ಒಳಗೆ ತುರುಕಬೇಡ ಪುಟ್ಟಿ, ಆ ಹ್ಯಾಂಡ್ಲರ್‌ನಲ್ಲೇ ಇರಲಿ. ಬದಲಾಯಿಸಿದ ಮೇಲೆ ಮೂರೂ ಪೋರ್ಟಿಗೆ ಒಟ್ಟಿಗೆ ಡೇಟಾ ಬಿಟ್ಟು ನೋಡು, ಏನಾಯ್ತು ಅಂತ ಫೋನ್ ಮಾಡು.

ನಿನ್ನ ಅಕ್ಕ