ಎತ್ತರಿಸಿದ ಪಿಕಪ್

ಪಿಕಪ್ ಎತ್ತರಿಸಿದರೆ ಹೊಯಿಗೆಯಲ್ಲಿ ಹೂತುಹೋಗುವುದಿಲ್ಲ ಎಂದು ನಂಬುವವರು ನಮ್ಮ ಬೀಜಾಡಿ ಕಡೆ ಕಮ್ಮಿಯಿಲ್ಲ. ನನಗಂತೂ ಆ ನಂಬಿಕೆಯಿಲ್ಲ ಮಾರಾಯ್ರೆ. ಸ್ಪ್ರಿಂಗ್ ಎತ್ತರಿಸಿದರೆ ಮೇಲೇರುವುದು ಚಾಸಿ, ಬಾಡಿ ಮಾತ್ರ. ಹಿಂದಿನ ಆಕ್ಸಲ್ಲಿನ ಡಿಫರೆನ್ಶಿಯಲ್ ಇದ್ದಲ್ಲೇ ಇರುತ್ತದೆ, ಮರಳಿಗೆ ತಾಗುವುದೂ ಅದೇ. ಅದು ಮೇಲೇಳಬೇಕಾದರೆ ದೊಡ್ಡ ಟಯರೇ ಬೇಕು. ಟೂ ವೀಲ್ ಡ್ರೈವ್ ಗಾಡಿಯಲ್ಲಿ ಹಿಂದಿನ ಒಂದು ಚಕ್ರ ಗಿರಗಿರ ತಿರುಗತೊಡಗಿತೋ, ಇನ್ನೊಂದು ಸುಮ್ಮನೆ ನಿಂತುಬಿಡುತ್ತದೆ. ಅಲ್ಲಿ ಉಪಕಾರಕ್ಕೆ ಬರುವುದು ಟಯರಿನ ಗಾಳಿ ಇಳಿಸುವುದು, ಒಂದು ಹಗ್ಗ, ನಾಲ್ಕು ಜನ. (ರಸ್ತೆಗೆ ಬಂದ ಮೇಲೆ ಗಾಳಿ ತುಂಬಿಸಿ, ಮತ್ತೆ!)

ಮಂಜುಗಡ್ಡೆ, ಬಂಗುಡೆ ಕ್ರೇಟು ಹೇರಿದಾಗ ಹಿಂಭಾಗ ಕುಸಿಯುತ್ತದೆ ಎನ್ನುವವರ ಕಥೆ ಬೇರೆ. ಮೊದಲು ಸ್ಪ್ರಿಂಗಿನ ಹಳೆಯ ಪ್ಲೇಟುಗಳನ್ನು ಬಗ್ಗಿ ನೋಡಿ. ಮೀನಿನ ಉಪ್ಪುನೀರು ಸೋರಿ ಸೋರಿ ಪ್ಲೇಟುಗಳ ನಡುವೆ ತುಕ್ಕು ಪದರ ಪದರವಾಗಿ ಎದ್ದಿರುತ್ತದೆ. ಸೆಂಟರ್ ಬೋಲ್ಟಿನ ಹತ್ತಿರ ಬಿರುಕೂ ಇದ್ದೀತು. ಒಂದು ಪ್ಲೇಟ್ ಹೆಚ್ಚಿಗೆ ಹಾಕಿಸಿದರೆ ಭಾರವೇನೋ ತಡೆಯುತ್ತದೆ, ಖಾಲಿ ಗಾಡಿ ಮಾತ್ರ ಕುಪ್ಪಳಿಸುತ್ತದೆ. ಬ್ಲಾಕ್ ಇಟ್ಟು ತೀರಾ ಎತ್ತರಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಜಾಯಿಂಟು ಬೇಗ ಸವೆಯುತ್ತದೆ.

ಇನ್ನು ಕಾನೂನಿನ ಮಾತು. ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಹೆದ್ದಾರಿ 66ರಲ್ಲಿ ಗಾಡಿ ತಡೆದು ಕೇಳಿದರೆ ಹೊಯಿಗೆಯ ನೆಪ ನಡೆಯುವುದಿಲ್ಲ.