ನೊರೂಜ್‌ನಲ್ಲಿ ಎರಡಾಗುವ ನೀರು

ಎಕ್ಸ್‌ಚೇಂಜ್ ಸೆಮಿಸ್ಟರ್ ಅಂತ ಗ್ರೆನೋಬಲ್‌ಗೆ ಹೋಗಿದ್ದ ನಮಗೆ ಏಪ್ರಿಲ್‌ನಲ್ಲಿ ಒಂದು ವಾರ ರಜೆ ಸಿಕ್ಕಿತು. ಜೊತೆಯವರೆಲ್ಲ ಪ್ಯಾರಿಸ್, ಬಾರ್ಸಿಲೋನಾ ಅಂತ ಟಿಕೆಟ್ ಮಾಡಿಸಿದರು. ನಾವಿಬ್ಬರು ಮಾತ್ರ ತುಲೂಸ್ ಬಸ್ಸು ಹತ್ತಿದೆವು. ಅಲ್ಲಿಂದ ಮುಕ್ಕಾಲು ಗಂಟೆ ದೂರದ ಒಂದು ಹಳ್ಳಿಯಲ್ಲಿ ನಮ್ಮ ಅತ್ತೆ ಇದ್ದಾರೆ. ನಾವು ಅಣ್ಣ-ತಮ್ಮಂದಿರ ಮಕ್ಕಳು, ಹಾಗಾಗಿ ಇಬ್ಬರಿಗೂ ಅವರು ಅತ್ತೆಯೇ. (ಕಾಲೇಜಿನಲ್ಲಿ ಅರ್ಧ ಜನ ನಮ್ಮನ್ನು ಟ್ವಿನ್ಸ್ ಅಂದುಕೊಂಡಿದ್ದಾರೆ, ಇರಲಿ.)

ಜನವರಿಯಲ್ಲಿ ತೀರ್ಥಹಳ್ಳಿಯಿಂದ ಹೊರಡುವಾಗಲೇ ಅತ್ತೆಗೆ ಅಂತ ಮೂರು ಸಾಮಾನು ಕಟ್ಟಿಕೊಟ್ಟಿದ್ದರು. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮತ್ತೆ ಒಂದು ಕಂದು ಕವರ್. ಕವರಿನಲ್ಲಿ ಏನಿದೆ ಅಂತ ನಮಗೆ ಗೊತ್ತಿತ್ತು. ತೋಟ, ಮನೆಯ ಹಕ್ಕು ಬಿಡುಗಡೆ ಪತ್ರದ ಕರಡು. 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಅದಕ್ಕೇ ನಮ್ಮೂರಿನಲ್ಲಿ ಅಕ್ಕತಂಗಿಯರ ಹತ್ತಿರ ಹೀಗೊಂದು ಸಹಿ ಹಾಕಿಸಿಕೊಳ್ಳೋದು ರೂಢಿ. ಅತ್ತೆ ಒಪ್ಪಿ ಕರಡಿಗೆ ಸಹಿ ಹಾಕಿದರೆ ಆಮೇಲೆ ಕಾನ್ಸುಲೇಟಿನ ಕೆಲಸ ಅಂದಿದ್ದರು. "ಊಟ ಆದ್ಮೇಲೆ, ಮೂಡ್ ನೋಡ್ಕೊಂಡು ಕೊಡಿ" ಅಂತ ಇಬ್ಬರು ಅಪ್ಪಂದಿರದೂ ಒಂದೇ ಸೂಚನೆ.

ಮೂಡ್ ನೋಡುತ್ತಾ ನೋಡುತ್ತಾ ನಾಲ್ಕು ದಿನ ಕಳೆಯಿತು.

ಆ ಸೀಮೆಗೆ ಲೊರಾಗೆ ಅನ್ನುತ್ತಾರೆ. ಏರಿಳಿತದ ಗುಡ್ಡಗಳು, ಹಸಿರು ಗೋಧಿ, ನಡುನಡುವೆ ಕೊಲ್ಜಾ ಹೊಲದ ಹಳದಿ. ಕೊಲ್ಜಾ ನಮ್ಮ ಸಾಸಿವೆಯ ನೆಂಟ. ಬೇಲಿ ಇಲ್ಲ, ಜನವೂ ಕಾಣೋದಿಲ್ಲ, ಟ್ರ್ಯಾಕ್ಟರ್ ಮಾತ್ರ. ಗಾಳಿ ಅಂತೂ ಕೇಳಬೇಡಿ. ಆಗ್ನೇಯದಿಂದ ಬೀಸುವ ಅದಕ್ಕೆ 'ಒತಾನ್' ಅಂತ ಹೆಸರೇ ಇದೆ. ನಮ್ಮ ಒಂದು ಛತ್ರಿ ಅದಕ್ಕೇ ಬಲಿಯಾಯಿತು. ಭಾನುವಾರ ಮಾವನ ಅಮ್ಮನ ಮನೆಯಲ್ಲಿ ಊಟ. ಅಲ್ಲಿಯ ಪ್ರಸಿದ್ಧ ಅಡುಗೆ ಕಸೂಲೆಯನ್ನು ಬಾತುಕೋಳಿ, ಹಂದಿಮಾಂಸ ಇಲ್ಲದೆ ಬರೀ ಬಿಳಿ ಹುರುಳಿಕಾಯಿ ಬೀಜ ಹಾಕಿ ನಮಗೋಸ್ಕರ ಮಾಡಿದ್ದರು. "ಇದು ಕಸೂಲೆ ಅಲ್ಲ" ಅಂತ ನಾಲ್ಕು ಸಲ ಹೇಳಿದರು. ನಾವು ಎರಡು ಸಲ ಹಾಕಿಸಿಕೊಂಡೆವು. ಹಲಸಿನ ಹಪ್ಪಳ ಕರಿದು ಕೊಟ್ಟಾಗ ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿದ್ದು ಇನ್ನೂ ಕಣ್ಣ ಮುಂದಿದೆ.

ಐದನೇ ದಿನ ಅತ್ತೆಯೇ ಕಾರು ತೆಗೆದರು. "ಇಂಜಿನಿಯರಿಂಗ್ ಓದ್ತೀರಲ್ಲ, ಬನ್ರೇ, ಒಂದು ಜಾಗ ತೋರಿಸ್ತೀನಿ."

ಅದು ನೊರೂಜ್. ಕನಾಲ್ ದ್ಯು ಮಿದಿಯ ಅತಿ ಎತ್ತರದ ಜಾಗ, ಸಮುದ್ರಮಟ್ಟದಿಂದ ಸುಮಾರು 189 ಮೀಟರ್. 240 ಕಿ.ಮೀ. ಉದ್ದದ ಈ ಕಾಲುವೆಯನ್ನು 1666ರಿಂದ 1681ರ ನಡುವೆ ಕಟ್ಟಿಸಿದವನು ಪಿಯರ್ ಪಾಲ್ ರಿಕೆ. ನಮಗೆ ಖುಷಿಯಾದ ವಿಷಯ ಅಂದರೆ ಆತ ಇಂಜಿನಿಯರೇ ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವನು. ಕಾಲುವೆ ಅಗೆಯೋದು ಕಷ್ಟವಲ್ಲ, ಹೇಗೋ ಅಗೆಯಬಹುದು. ಆದರೆ ದಿಬ್ಬದ ತುದಿಯಲ್ಲಿ ನೀರು ಎಲ್ಲಿಂದ ತರೋದು? ಲಾಕ್ ಗೇಟು ತೆರೆದಾಗೆಲ್ಲ ನೀರು ಕೆಳಕ್ಕೆ ಹೋಗುತ್ತೆ, ಅದನ್ನು ಮೇಲಿನಿಂದ ತುಂಬುತ್ತಲೇ ಇರಬೇಕು. ರಿಕೆ ಪಕ್ಕದ ಮೊಂತಾನ್ ನುವಾರ್ ಬೆಟ್ಟದ ಹಳ್ಳಗಳನ್ನು ಹಿಡಿದು, ಸ್ಯಾನ್ ಫೆರಿಯೋಲ್‌ನಲ್ಲಿ ಅಣೆಕಟ್ಟು ಕಟ್ಟಿ, ಸಣ್ಣ ಕಾಲುವೆಯಲ್ಲಿ ಇಲ್ಲಿಗೆ ನೀರು ಹರಿಸಿದ. ಪಂಪಿಲ್ಲ, ಬರೀ ಇಳಿಜಾರು. ಕಾಲುವೆ ತೆರೆಯೋ ಮುಂಚೆ, 1680ರಲ್ಲಿ, ತೀರಿಕೊಂಡ.

"ನಮ್ಮನೆ ಅಬ್ಬಿ ನೀರು ನೋಡಿದೀರಲ್ಲ, ಗುಡ್ಡದಿಂದ ಅಡಿಕೆ ದಬ್ಬೆಯಲ್ಲಿ ಅಂಗಳಕ್ಕೆ ಬರೋದು? ಅದೇ ಇದು" ಅಂದರು ಅತ್ತೆ. ಅಲ್ಲಿಗೆ ಬಂದ ನೀರು ಎರಡಾಗುತ್ತದೆ. ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಒಂದು ಪಾಲು ಮೆಡಿಟರೇನಿಯನ್ ಕಡೆಗೆ. ನಮ್ಮ ತಾಲ್ಲೂಕಿನದೂ ಅದೇ ಕಥೆ. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಶ್ಚಿಮಕ್ಕೆ ಹೋಗುತ್ತೆ, ತೀರ್ಥಹಳ್ಳಿ ದಾಟುವ ತುಂಗೆ ಪೂರ್ವಕ್ಕೆ.

ಆಮೇಲೆ ಬೆಂಚಿನ ಮೇಲೆ ಕೂತು, "ಕವರ್ ತಂದಿದೀರಲ್ಲ, ಕೊಡಿ. ನಿಮ್ಮಪ್ಪ ಹೋದ ವಾರನೇ ಮೆಸೇಜ್ ಮಾಡಿದಾನೆ" ಅಂದರು.

ನಾಲ್ಕು ದಿನ ನಾವು ಪಟ್ಟ ಪಾಡು ಅವರಿಗೆ ಗೊತ್ತೇ ಇತ್ತು! ಪೂರ್ತಿ ಓದಿದರು. ಸರ್ವೆ ನಂಬರ್ ಬಂದಲ್ಲಿ ಬೆರಳಿಟ್ಟು, "ಇದು ಕೆಳಗಿನ ತೋಟ" ಅಂದರು. 2020ರಲ್ಲಿ ಅಜ್ಜ ತೀರಿಕೊಂಡಾಗ ವಿಮಾನ ಇರಲಿಲ್ಲ. ಎಲ್ಲವನ್ನೂ ಫೋನಿನಲ್ಲಿ ನೋಡಿದ್ದರು, ಆ ಫೋನು ಹಿಡಿದುಕೊಂಡಿದ್ದದ್ದು ನಾವೇ. ಮಧ್ಯೆ ನೆಟ್‌ವರ್ಕ್ ಹೋಗಿದ್ದು ನಮಗೆ ನೆನಪಿದೆ. ಅವರಿಗೂ ನೆನಪಿತ್ತು.

"ದುಡ್ಡಿನ ಪ್ರಶ್ನೆ ಅಲ್ಲ ಕಣ್ರೇ. ಈಗ ಊರಿಗೆ ಹೋದ್ರೆ ನಮ್ಮನೆಗೆ ಹೋದ ಹಾಗೆ. ಇದಕ್ಕೆ ಸಹಿ ಹಾಕಿದ್ರೆ ಅಣ್ಣನ ಮನೆಗೆ ಹೋದ ಹಾಗೆ."

ನಮಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಅಪ್ಪಂದಿರ ಪರ ಹೇಳೋದಕ್ಕೂ ಇತ್ತು. ಕೊಳೆರೋಗ, ಆಳಿನ ಸಮಸ್ಯೆ, ಸಾಲ ಎಲ್ಲ ಮೈಮೇಲೆ ಹಾಕಿಕೊಂಡು ತೋಟ ಉಳಿಸಿದವರು ಅವರೇ. ಹೇಳಿದೆವು ಕೂಡ. ಅತ್ತೆ "ಗೊತ್ತು" ಅಂದರು, ಅಷ್ಟೇ. ಮತ್ತೆ ನಮ್ಮಿಬ್ಬರಿಗೂ ತಮ್ಮಂದಿರಿದ್ದಾರೆ. ಆ ವಿಷಯ ನಮ್ಮಲ್ಲಿ ಯಾರೂ ಎತ್ತಲಿಲ್ಲ.

ವಾಪಸ್ ಬರುತ್ತಾ ಕಾಲುವೆ ದಂಡೆಯಲ್ಲಿ ಸ್ವಲ್ಪ ನಡೆದೆವು. ದಂಡೆಯುದ್ದಕ್ಕೂ ಪ್ಲೇನ್ ಮರಗಳ ಸಾಲು, ಒಟ್ಟು ಸುಮಾರು 42,000 ಇದ್ದವಂತೆ. 2006ರಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡ ಮೇಲೆ ಸಾವಿರಾರು ಮರ ಕಡಿದು ಬೇರೆ ಜಾತಿಯ ಸಸಿ ನೆಡುತ್ತಿದ್ದಾರೆ. ಅತ್ತೆ ಕೊಳೆರೋಗಕ್ಕೆ ಈ ವರ್ಷ ಎಷ್ಟು ಸಲ ಬೋರ್ಡೋ ಹೊಡೆಸಿದರು ಅಂತ ಕೇಳಿದರು. ಬೋರ್ಡೋ ದ್ರಾವಣದ ಹೆಸರು ಇದೇ ಫ್ರಾನ್ಸಿನ ಬೋರ್ಡೋ ಊರಿಂದ ಬಂದದ್ದು ಅಂತ ನಮಗೆ ಅವತ್ತೇ ಹೊಳೆದದ್ದು.

ಕವರನ್ನು ಅತ್ತೆ ತಮ್ಮ ಬ್ಯಾಗಿಗೇ ಹಾಕಿಕೊಂಡರು.

ರಾತ್ರಿ ಊರಿಂದ ಫೋನು. "ಕೊಟ್ರಾ?"

"ಕೊಟ್ವಿ."

"ಸಹಿ?"

"ಹಾಕಿಲ್ಲ. ಮಳೆಗಾಲದಲ್ಲಿ ಬರ್ತಾರಂತೆ, ಅಲ್ಲೇ ಕೂತು ಮಾತಾಡೋಣ ಅಂದ್ರು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಒಬ್ಬಳೇ ಬರ್ತಾಳಂತಾ, ಎಲ್ಲರೂನಾ? ಮೇಲಿನ ರೂಮು ಸೋರ್ತಾ ಇದೆ. ಅಷ್ಟರೊಳಗೆ ಹೆಂಚು ಕೈಯಾಡಿಸಬೇಕು."