ಜನರೇಟರಿಗೆ ಹಸಿವಾಗಿತ್ತು

ಚೆನ್ನೈಯಲ್ಲಿ ಡಿಸೆಂಬರ್ ಅಂದ್ರೆ ಸಭಾಗಳಲ್ಲಿ ಕಚೇರಿ, ಕ್ಯಾಂಟೀನಿನಲ್ಲಿ ಕಾಫಿ, ಜೊತೆಗೊಂದು ಸೈಕ್ಲೋನು. 2015ರ ನೆರೆ ಆಯ್ತು, 2016ರ ಡಿಸೆಂಬರ್ 12ಕ್ಕೆ ವರ್ದಾ ಬಂದು ಊರಿನ ಮರಗಳನ್ನೆಲ್ಲ ಮಲಗಿಸಿ ಹೋಯ್ತು. ವರ್ದಾ ಬಂದಾಗ ವೇಳಚೇರಿಯ ನಮ್ಮ ಬೀದಿಗೆ ಐದು ದಿನ ಕರೆಂಟಿಲ್ಲ. ಆ ಸಿಟ್ಟಿನಲ್ಲೇ ನಮ್ಮ ಬಿಲ್ಡಿಂಗಿನ ಆರು ಮನೆಯವರು ದುಡ್ಡು ಹಾಕಿ ಒಂದು ಪುಟ್ಟ ಪೆಟ್ರೋಲ್ ಜನರೇಟರ್ ತಂದಿದ್ದು. 800 ವ್ಯಾಟಿನದು, ಒಬ್ಬರೇ ಎತ್ತಬಹುದಾದಷ್ಟು ಚಿಕ್ಕದು. ತಾರಸಿಯ ಮೆಟ್ಟಿಲ ಗೂಡಿನಲ್ಲಿ ಅದರ ವಾಸ. ನೋಡಿಕೊಳ್ಳೋದು ಅಸೋಸಿಯೇಷನ್ನು. ಅಂದ್ರೆ ಯಾರೂ ಇಲ್ಲ ಅಂತ ಅರ್ಥ!

2023ರ ಡಿಸೆಂಬರ್ 4, ಸೋಮವಾರ. ಮಿಚಾಂಗ್ ಚಂಡಮಾರುತ (ಬರೆಯೋದು ಹೀಗೆ, ಓದೋದು ಮಿಗ್ಜಾಮ್ ಅಂತಂತೆ). ಹಿಂದಿನ ರಾತ್ರಿಯಿಂದ ಬಿಡದೆ ಮಳೆ, ಬೆಳಗಾಗುವಷ್ಟರಲ್ಲಿ ಕೆಳಗೆ ಮೊಣಕಾಲುದ್ದ ನೀರು, ಕರೆಂಟ್ ಕಟ್. ಎರಡನೇ ಮಹಡಿಯಲ್ಲಿರೋ ಮಾಮಿಗೆ ಎಪ್ಪತ್ತೆಂಟು ವರ್ಷ, ಶ್ವಾಸಕೋಶದ ತೊಂದರೆ, ಹಗಲೂ ರಾತ್ರಿ ಆಕ್ಸಿಜನ್ ಕಾನ್ಸಂಟ್ರೇಟರ್ ಬೇಕು. ಆ ಮೆಷಿನ್ನಿಗೆ ಸುಮಾರು 350 ವ್ಯಾಟ್. ಅವರ ಮನೆಯ ಇನ್ವರ್ಟರ್ ಬ್ಯಾಟರಿ ಮೂರೂವರೆ ಗಂಟೆ ಎಳೆದು ಕೈ ಚೆಲ್ಲಿತು. ಆಮೇಲೆ ಉಳಿದಿದ್ದು ಒಂದು ಬಿ-ಟೈಪ್ ಸಿಲಿಂಡರ್, ಅದೂ ಅರ್ಧ ಖಾಲಿ. ಪೂರ್ತಿ ತುಂಬಿದ್ರೆ ಅದರಲ್ಲಿ ಸುಮಾರು 1500 ಲೀಟರ್ ಗಾಳಿ ಇರತ್ತೆ. ಮಾಮಿಗೆ ನಿಮಿಷಕ್ಕೆ 2 ಲೀಟರ್ ಬೇಕು. ಲೆಕ್ಕ ನೀವೇ ಹಾಕಿ, ಆರು ಗಂಟೆ. ಬೀದಿಯಲ್ಲಿ ದೋಣಿ ಓಡ್ತಿದೆ, ಆಂಬುಲೆನ್ಸ್ ಬರೋ ಹಾಗಿಲ್ಲ. ಮಗ ಇರೋದು ಸಿಂಗಪುರದಲ್ಲಿ, ಫೋನಿನಲ್ಲಿ ಅಳೋದೊಂದು ಬಾಕಿ.

ಜನರೇಟರನ್ನ ತಾರಸಿಗೆ ಎಳೆದು ಹಗ್ಗ ಎಳೆದ್ವಿ. ಆಶ್ಚರ್ಯ ಅಂದ್ರೆ ಸ್ಟಾರ್ಟ್ ಆಯ್ತು. ಆದ್ರೆ ಚೋಕ್ ತೆಗೆದ ತಕ್ಷಣ ಶುರುವಾಯ್ತು ನೋಡಿ ಅದರ ರಾಗಾಲಾಪನೆ. ಊಂಂಂ ಅಂತ ಏರೋದು, ಗುಡುಗುಡು ಅಂತ ಇಳಿಯೋದು, ಮತ್ತೆ ಏರೋದು. ಒಂದು ಬಲ್ಬ್ ಹಾಕಿದ್ರೆ ಅದು ಕಣ್ಣು ಹೊಡೀತಿತ್ತು. ಟೇಬಲ್ ಫ್ಯಾನ್ ಹಾಕಿದ್ರೆ ಎಂಜಿನ್ನೇ ಆಫ್. ಇಂಥ ಕರೆಂಟನ್ನ ಕಾನ್ಸಂಟ್ರೇಟರಿಗೆ ಕೊಟ್ರೆ ಅದು ಅಲಾರಂ ಹೊಡೆದು ನಿಲ್ಲುತ್ತೆ, ಗ್ರಹಚಾರ ಕೆಟ್ಟಿದ್ರೆ ಅದರ ಬೋರ್ಡೇ ಸುಟ್ಟುಹೋಗುತ್ತೆ.

ವಾಚ್‌ಮನ್ ಮೆಕಾನಿಕ್‌ಗೆ ಫೋನ್ ಹಚ್ಚಿದ. ಮಳೆಗಾಲಕ್ಕೆ ಮೊದಲು, ಅಕ್ಟೋಬರಿನಲ್ಲಿ ಆತನೇ ಬಂದು ಅದೇನೋ ತಿರುಗಿಸಿ 600 ರೂಪಾಯಿ ಇಸಕೊಂಡು ಹೋಗಿದ್ದನಂತೆ. "ಗವರ್ನರ್ ಪೋಚ್ಚು ಸಾರ್, ಕಾರ್ಬ್ಯುರೇಟರೋಡ ಮಾತ್ತಣುಂ" ಅಂದ. ಗವರ್ನರ್ ಹೋಗಿದೆ, ಕಾರ್ಬ್ಯುರೇಟರ್ ಸಮೇತ ಬದಲಾಯಿಸಬೇಕು ಅಂತ. ಪುದುಪೇಟೆಯಿಂದ ತರಿಸ್ತೀನಿ, ನೀರಿಳಿಯಲಿ ಅಂದ. ನೀರಿಳಿಯೋದಕ್ಕೆ ಎರಡು ದಿನ, ನಮ್ಮ ಹತ್ರ ಇದ್ದಿದ್ದು ಆರು ಗಂಟೆ.

ತೀರ್ಥಹಳ್ಳಿ ಕಡೆಯ ನಮ್ಮ ತೋಟಕ್ಕೆ ಹೊಳೆಯಿಂದ ನೀರೆತ್ತೋಕೆ ಒಂದು ಸೀಮೆಎಣ್ಣೆ ಪಂಪ್‌ಸೆಟ್ ಇತ್ತು. ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸೋದು. ಅದೂ ಆಗಾಗ ಇದೇ ರಾಗ ಹಾಡೋದು. ಅಪ್ಪ ಒಂದೇ ಮಾತಲ್ಲಿ "ಅದಕ್ಕೆ ಹಸಿವಾಗಿದೆ ಕಣೋ" ಅನ್ನೋರು. ಈ ಮಾತು ಗೊತ್ತಿದ್ರೆ ಸಣ್ಣ ಎಂಜಿನ್ನಿನ ರಿಪೇರಿ ಅರ್ಧ ಮುಗಿದ ಹಾಗೆ.

ಯಾಕೆ ಅಂತ ಹೇಳ್ತೀನಿ. ನಮ್ಮಲ್ಲಿರೋ ಮಾಮೂಲಿ ಪುಟ್ಟ ಜನರೇಟರಿನಲ್ಲಿ (ಇನ್ವರ್ಟರ್ ಮಾದರಿಯದರ ಕಥೆ ಬೇರೆ) ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಬೇಕು. ಅಂದ್ರೆ ಸೆಕೆಂಡಿಗೆ 50, ಅದೇ ನಮ್ಮ 50 ಹರ್ಟ್ಸ್. ಈ ವೇಗ ಕಾಯೋನು ಗವರ್ನರ್. ವೇಗ ಇಳಿದ್ರೆ ಥ್ರಾಟಲ್ ತೆರೀತಾನೆ, ಏರಿದ್ರೆ ಮುಚ್ತಾನೆ. ಕಾರ್ಬ್ಯುರೇಟರಿನ ಸಣ್ಣ ಜೆಟ್ ಕಟ್ಟಿಕೊಂಡಾಗ ಪೆಟ್ರೋಲ್ ಸಾಲದೆ ವೇಗ ಇಳಿಯುತ್ತೆ. ಗವರ್ನರ್ ಗಾಬರಿಯಾಗಿ ಥ್ರಾಟಲ್ ಪೂರ್ತಿ ತೆರೀತಾನೆ, ಆಗ ದೊಡ್ಡ ಜೆಟ್ಟಿನಿಂದ ಒಂದಿಷ್ಟು ಪೆಟ್ರೋಲ್ ನುಗ್ಗಿ ಎಂಜಿನ್ ಕಿರುಚುತ್ತೆ. ಅಯ್ಯೋ ಜಾಸ್ತಿಯಾಯ್ತು ಅಂತ ಅವನು ಮುಚ್ತಾನೆ, ಮತ್ತೆ ಉಪವಾಸ. ಊಂಂಂ ಗುಡುಗುಡು ಅಂದ್ರೆ ಇಷ್ಟೇ. ಗವರ್ನರ್ ಅವನ ಕೆಲಸ ಸರಿಯಾಗೇ ಮಾಡ್ತಿದ್ದಾನೆ. ಆದ್ರೂ ಹತ್ತರಲ್ಲಿ ಎಂಟು ಜನ ಮೆಕಾನಿಕ್‌ಗಳು ಕೈ ಹಾಕೋದು ಮೊದಲು ಅವನ ಸ್ಪ್ರಿಂಗಿಗೇ.

ಹಸಿವು ಹೌದೋ ಅಲ್ವೋ ಅಂತ ನೋಡೋಕೆ ಸ್ಪ್ಯಾನರ್ ಬೇಡ. ಚೋಕನ್ನ ಅರ್ಧ ಮುಚ್ಚಿದೆ. ಗಾಳಿ ಕಮ್ಮಿಯಾಗಿ ಪೆಟ್ರೋಲಿನ ಪಾಲು ಹೆಚ್ಚಾಯ್ತು, ಎಂಜಿನ್ ಸುಮಾರಾಗಿ ಸಮಕ್ಕೆ ಬಂತು. ಏರ್ ಫಿಲ್ಟರ್ ತೆಗೆದೆ, ಕುಣಿತ ಇನ್ನೂ ಹೆಚ್ಚಾಯ್ತು. ಫಿಲ್ಟರೇ ಕಟ್ಟಿದ್ರೆ ಸುಧಾರಿಸಬೇಕಿತ್ತು. ಪ್ಲಗ್ ಬಿಚ್ಚಿ ನೋಡಿದ್ರೆ ತುದಿ ಬೆಳ್ಳಗೆ. ಚೆನ್ನಾಗಿ ಉಂಡ ಎಂಜಿನ್ನಿನ ಪ್ಲಗ್ ಕಾಫಿ ಬಣ್ಣಕ್ಕಿರುತ್ತೆ, ಹೊಟ್ಟೆಬಿರಿಯ ತಿಂದದ್ದು ಕಪ್ಪು ಮಸಿ, ಹಸಿದದ್ದು ಬಿಳಿ. ಟ್ಯಾಂಕಿನ ಮುಚ್ಚಳದ ಗಾಳಿತೂತು ಕಟ್ಟಿದ್ರೂ ಪೆಟ್ರೋಲ್ ಇಳಿಯಲ್ಲ, ಮುಚ್ಚಳ ಸಡಿಲ ಮಾಡಿ ಅದನ್ನೂ ನೋಡಿದೆ. ಏನೂ ಬದಲಾಗಲಿಲ್ಲ. ಎಂಜಿನ್ ಆಯಿಲ್ ಸರಿಯಿತ್ತು.

ಟ್ಯಾಂಕಿನ ಪೆಟ್ರೋಲ್ ಮೂಸಿದೆ. ಹಳೇ ವಾರ್ನಿಶ್ ಡಬ್ಬದ ವಾಸನೆ! ಕಳೆದ ವರ್ಷ ತುಂಬಿಸಿದ್ದು ಅಂದ ವಾಚ್‌ಮನ್. ಈಗಿನ ಪೆಟ್ರೋಲ್ ಬರೀ ಪೆಟ್ರೋಲ್ ಅಲ್ಲ ನೋಡಿ. ದೇಶದಲ್ಲಿ ಸರಾಸರಿ ಎಥನಾಲ್ ಪಾಲು 2022ಕ್ಕೇ ಶೇಕಡಾ 10 ಮುಟ್ಟಿತ್ತು, 2025ಕ್ಕೆ 20 ಆಯ್ತು. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತೆ, ಚೆನ್ನೈ ಗಾಳಿಯಲ್ಲಿ ಅದಕ್ಕೇನು ಬರ. ತೇವ ಹೆಚ್ಚಾದ್ರೆ ನೀರೂ ಎಥನಾಲೂ ಒಂದಾಗಿ ಟ್ಯಾಂಕಿನ ತಳಕ್ಕಿಳಿಯುತ್ತೆ, ಎಂಜಿನ್ನಿಗೆ ಹೋಗೋ ನಲ್ಲಿ ಇರೋದೂ ತಳದಲ್ಲೇ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ನಿಂತ ಪೆಟ್ರೋಲಿನ ತೆಳು ಅಂಶ ಹಾರಿಹೋಗಿ ಉಳಿದದ್ದು ಅಂಟಾಗುತ್ತೆ.

ಎರಡು ನಟ್ಟು ಬಿಚ್ಚಿ ಕಾರ್ಬ್ಯುರೇಟರ್ ಇಳಿಸಿದೆ. ಬಟ್ಟಲು ತೆಗೆದ್ರೆ ತಳದಲ್ಲಿ ನೀರಿನ ಗುಂಡುಗಳು, ಸುತ್ತ ಹಸಿರು ಲೋಳೆ. ದೊಡ್ಡ ಜೆಟ್ಟನ್ನ ಮೊಬೈಲ್ ಟಾರ್ಚಿಗೆ ಹಿಡಿದು ನೋಡಿದೆ, ಸೂಜಿಮೊನೆಯಷ್ಟು ಬೆಳಕು ಕಾಣಬೇಕು, ಅರ್ಧಚಂದ್ರ ಕಾಣ್ತಿತ್ತು. ಸಣ್ಣ ಜೆಟ್ಟಿನಲ್ಲಂತೂ ಅಮಾವಾಸ್ಯೆ. ಅದು ಪ್ಲಾಸ್ಟಿಕ್ ಸ್ಕ್ರೂ ಕೆಳಗೆ ಅಡಗಿರುತ್ತೆ, ಬಹಳ ಜನ ಅದನ್ನ ತೆಗೆಯೋದೇ ಇಲ್ಲ.

ಸೂಜಿ, ಪಿನ್ನು ಹಾಕಬೇಡಿ ದಯವಿಟ್ಟು. ಜೆಟ್ ಹಿತ್ತಾಳೆ, ಸೂಜಿ ಉಕ್ಕು. ತೂತು ಒಂದಿಷ್ಟು ಅಗಲವಾದ್ರೂ ಅಳತೆ ಹೋಯ್ತು. ಹಳೇ ವಯರಿನ ಒಂದೇ ಒಂದು ತಾಮ್ರದ ಎಳೆ ಸಾಕು. ಜೆಟ್‌ಗಳನ್ನ ಪೆಟ್ರೋಲಿನಲ್ಲಿ ನೆನೆಸಿ, ಎಳೆ ಆಡಿಸಿ, ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದೆ. ಪಕ್ಕದ ಕೊಳವೆಯ ಸಾಲುತೂತುಗಳನ್ನೂ ಬಿಡಲಿಲ್ಲ. ಕೆಳಗಿಂದ ನಮ್ಮವಳು ಅರ್ಧರ್ಧ ಗಂಟೆಗೆ ಸಿಲಿಂಡರಿನ ಮುಳ್ಳು ಎಲ್ಲಿದೆ ಅಂತ ಕೂಗಿ ಹೇಳ್ತಿದ್ಲು. ಒಂದು ಸಲ ಮಾಮಿಯೇ ಮಾತಾಡಿದ್ರು, "ತಂಬಿ, ನಿಧಾನಮಾ ಪಣ್ಣು" ಅಂತ. ನಿಧಾನವಾಗಿ ಮಾಡಪ್ಪ ಅಂತ. ಉಸಿರು ಅವರದ್ದು, ಸಮಾಧಾನ ನನಗೆ.

ಹೊಸ ಪೆಟ್ರೋಲ್ ಎಲ್ಲಿಂದ? ಬಂಕುಗಳೆಲ್ಲ ನೀರಲ್ಲಿ. 2015ರಲ್ಲಿ ಪಾಠ ಕಲಿತವರೆಲ್ಲ ಹಿಂದಿನ ದಿನವೇ ಬೈಕುಗಳನ್ನ ಮೆಟ್ಟಿಲ ಮೇಲಕ್ಕೆ ಹತ್ತಿಸಿದ್ವಿ. ಮಗಳ ಹಳೇ ಮೀನಿನ ತೊಟ್ಟಿಯ ಕೈಪಂಪು ಹಾಕಿ ನನ್ನ ಸ್ಕೂಟರಿನಿಂದ ನಾಲ್ಕು ಲೀಟರ್ ತೆಗೆದೆ. (ಬಾಯಲ್ಲಿ ಎಳೆಯೋ ಸಾಹಸ ಯಾರೂ ಮಾಡಬೇಡಿ.)

ಜೋಡಿಸಿ ಎಳೆದೆ. ಚೋಕ್ ಪೂರ್ತಿ ತೆಗೆದ್ರೂ ಒಂದೇ ಶ್ರುತಿ! ಆದ್ರೆ ಶ್ರುತಿ ಸ್ವಲ್ಪ ಮೇಲಿತ್ತು. ಮಲ್ಟಿಮೀಟರ್ ಹಿಡಿದೆ, 55 ಹರ್ಟ್ಸ್, 258 ವೋಲ್ಟ್. ಅಕ್ಟೋಬರಿನ 600 ರೂಪಾಯಿ ಕೆಲಸ ಏನು ಅಂತ ಆಗ ಗೊತ್ತಾಯ್ತು. ಹಸಿದ ಎಂಜಿನ್ ನಿಲ್ಲದಿರಲಿ ಅಂತ ಗವರ್ನರ್ ಸ್ಕ್ರೂ ಬಿಗಿದು ವೇಗ ಏರಿಸಿದ್ದ. ಹಸಿವು ತೀರಿದ ಮೇಲೂ ಹಾಗೇ ಬಿಟ್ಟಿದ್ರೆ ಮಾಮಿಯ ಮೆಷಿನ್ನಿಗೆ ಗಂಡಾಂತರವಿತ್ತು. ಸ್ಕ್ರೂ ಸಡಿಲಿಸಿ ಖಾಲಿ ಓಟದಲ್ಲಿ 52ಕ್ಕೆ ತಂದೆ, ಲೋಡ್ ಹಾಕಿದಾಗ 50ಕ್ಕೆ ನಿಂತಿತು. ಮೊದಲು ಹತ್ತು ನಿಮಿಷ ಬಲ್ಬು, ಫ್ಯಾನು. ಆಮೇಲೆ ಕಾನ್ಸಂಟ್ರೇಟರ್. ಅಷ್ಟು ಹೊತ್ತಿಗೆ ಸಿಲಿಂಡರಿನಲ್ಲಿ ಉಳಿದಿದ್ದು ಎರಡು ಗಂಟೆಯ ಗಾಳಿ.

ಜನರೇಟರನ್ನ ಇಟ್ಟಿದ್ದು ತಾರಸಿಯಲ್ಲಿ, ಮೂರು ಕಡೆ ಬಯಲಿರೋ ತಗಡಿನ ಕೆಳಗೆ, ಮೆಟ್ಟಿಲ ಬಾಗಿಲು ಭದ್ರವಾಗಿ ಮುಚ್ಚಿ. ಮಳೆಗೆ ಹೆದರಿ ಗೂಡಿನೊಳಗೇ ಓಡಿಸೋಣ ಅಂದವರೂ ಇದ್ರು. ಅದರ ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೆಟ್ಟಿಲಿಳಿದು ಮನೆಮನೆಗೆ ಬರುತ್ತೆ, ಮಾಮಿಗೆ ಮೊದಲು. ಇನ್ನೊಬ್ಬರು ವಯರನ್ನ ಗೋಡೆಯ ಸಾಕೆಟ್ಟಿಗೇ ಚುಚ್ಚಿದ್ರೆ ಇಡೀ ಮನೆಗೆ ಬರುತ್ತಲ್ಲ ಅಂದ್ರು. ಮನೆಗೂ ಬರುತ್ತೆ, ಬೀದಿಯಲ್ಲಿ ನೀರಲ್ಲಿ ನಿಂತು ಲೈನ್ ಸರಿಮಾಡ್ತಿರೋ ಲೈನ್‌ಮನ್ ಕೈಗೂ ಬರುತ್ತೆ ಅಂದೆ, ಸುಮ್ಮನಾದ್ರು. ಉದ್ದದ ವಯರ್ ಕಿಟಕಿಯಿಂದ ಇಳಿಸಿ ನೇರ ಮೆಷಿನ್ನಿಗೇ ಕೊಟ್ವಿ.

ಗಂಟೆಗೆ ಅರ್ಧ ಲೀಟರಿನಷ್ಟು ಕುಡೀತು. ಪ್ರತಿ ಸಲ ತುಂಬಿಸೋಕೆ ಮೊದಲು ಆಫ್ ಮಾಡಿ ತಣಿಯೋಕೆ ಬಿಡಬೇಕಲ್ಲ, ಆ ಹೊತ್ತಿಗೆ ಮಾತ್ರ ಸಿಲಿಂಡರ್. ಮೂರು ಬೈಕುಗಳ ಟ್ಯಾಂಕ್ ಖಾಲಿಯಾಯ್ತು. ಮರುದಿನ ಮಿಚಾಂಗ್ ಆಂಧ್ರದ ಬಾಪಟ್ಲ ಹತ್ತಿರ ದಡ ಹತ್ತಿದ ಸುದ್ದಿ ಬಂತು, ನಮಗೆ ಸಂಜೆ ಏಳರ ಹೊತ್ತಿಗೆ ಕರೆಂಟ್ ಬಂತು.

ಈಗ ಮೆಟ್ಟಿಲ ಗೂಡಿನಲ್ಲಿ ದಾರ ಕಟ್ಟಿದ ಒಂದು ನೋಟ್‌ಬುಕ್ ನೇತಾಡ್ತಿದೆ. ತಿಂಗಳ ಮೊದಲ ಭಾನುವಾರ 500 ವ್ಯಾಟಿನ ಹ್ಯಾಲೊಜನ್ ಹಾಕಿ ಇಪ್ಪತ್ತು ನಿಮಿಷ ಓಡಿಸೋದು, ಆಮೇಲೆ ಪೆಟ್ರೋಲಿನ ನಲ್ಲಿ ಮುಚ್ಚಿ ಬಟ್ಟಲು ಬರಿದಾಗಿ ತಾನಾಗೇ ನಿಲ್ಲೋವರೆಗೂ ಬಿಡೋದು, ಟ್ಯಾಂಕಿನಲ್ಲಿ ಉಳಿದದ್ದನ್ನ ಯಾರಾದರೂ ಸ್ಕೂಟರಿಗೆ ಹಾಕಿಕೊಳ್ಳೋದು. 2024ರ ನವೆಂಬರ್ 30ರ ಫೆಂಗಲ್ ದಿನದ ಸಾಲಿನಲ್ಲಿ ವಾಚ್‌ಮನ್ ಬರೆದಿರೋದು ಇಷ್ಟೇ: ಎರಡನೇ ಎಳೆತಕ್ಕೆ ಸ್ಟಾರ್ಟ್. ಅಂದ ಹಾಗೆ ಆ ಮೆಕಾನಿಕ್, ನೀರಿಳಿದ ಮೇಲೆ ಫೋನ್ ಮಾಡಿದ್ದ. ಕಾರ್ಬ್ಯುರೇಟರ್ ಸಿಕ್ಕಿದೆ, ಅಡ್ವಾನ್ಸ್ ಕೊಡಿ ಅಂತ.